ದುಡಿದವರ ಹೆಸರು ಬರೆದಿಡಿ

ನಿಮ್ಮ ಪ್ರಾಜೆಕ್ಟಿನ ರೀಡ್‌ಮಿಯನ್ನು ಒಮ್ಮೆ ತೆರೆದು ಕೊನೆಯವರೆಗೂ ಓದಿ. ಮೇಲೆ ಅಂದದ ಲೋಗೊ, ಅದರ ಕೆಳಗೆ ಹಸಿರು ಬ್ಯಾಡ್ಜುಗಳ ಸಾಲು, ಇನ್‌ಸ್ಟಾಲ್ ಮಾಡುವ ಬಗೆ, ಬಳಸುವ ಬಗೆ, ಲೈಸೆನ್ಸ್, ಎಲ್ಲವೂ ಅಚ್ಚುಕಟ್ಟಾಗಿದೆ. ಕಟ್ಟಕಡೆಗೆ ‘ನೆರವಾದ ಎಲ್ಲರಿಗೂ ವಂದನೆ’ ಎಂದು ಒಂದೇ ಸಾಲು. ಒಬ್ಬರ ಹೆಸರೂ ಇಲ್ಲ. ಇದ್ದರೂ ಮೊದಲ ವರ್ಷ ಉತ್ಸಾಹದಲ್ಲಿ ಬರೆದಿಟ್ಟ ನಾಲ್ಕು ಹೆಸರು. ಆಮೇಲೆ ಬಂದವರು ಯಾರೂ ಅಲ್ಲಿ ಸೇರಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಜಾಯಮಾನ ನಿಮ್ಮದಲ್ಲ, ನನಗೆ ಗೊತ್ತು. ಕೆಲಸದ ಒತ್ತಡದಲ್ಲಿ ಮರೆತಿರಿ, ಅಷ್ಟೇ. ಮರೆವಿಗೆ ಮದ್ದಿದೆ. ಹೆಸರು ಬರೆದುಕೊಳ್ಳುವ ಚಾಕರಿಯನ್ನು ಯಂತ್ರಕ್ಕೆ ಒಪ್ಪಿಸಬಹುದು. ಯಾರ ಹೆಸರು, ಯಾವ ಕೆಲಸಕ್ಕೆ, ಯಾವ ರೂಪದಲ್ಲಿ ಎಂಬ ತೀರ್ಮಾನ ಮಾತ್ರ ನಿಮ್ಮ ಕೈಯಲ್ಲೇ ಇರಬೇಕು. ಈ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆ ಅಂತ ಒಂದಿಷ್ಟು ಹೇಳುತ್ತೇನೆ, ಬೇಸರಿಸದೆ ಕೇಳಿ.

ಓಪನ್ ಸೋರ್ಸ್‌ಗೆ ಕೈಜೋಡಿಸುವ ಬಹಳಷ್ಟು ಮಂದಿಗೆ ನೀವು ಸಂಬಳ ಕೊಡುವುದಿಲ್ಲ. ರಾತ್ರಿ ಊಟವಾದ ಮೇಲೆ, ಭಾನುವಾರ ಮಧ್ಯಾಹ್ನ, ಪರೀಕ್ಷೆ ಮುಗಿದ ರಜೆಯಲ್ಲಿ ಕೂತು ಕೆಲಸ ಮಾಡಿ ಕೊಡುತ್ತಾರೆ. ಅವರಿಗೆ ದಕ್ಕುವ ಕೂಲಿ ಎಂದರೆ ಹೆಸರು. ಕೆಲಸ ಹುಡುಕುವ ಹುಡುಗನಿಗೆ ಅದು ಸಂದರ್ಶನದಲ್ಲಿ ತೋರಿಸಲು ಒಂದು ಸಾಕ್ಷಿ. ಮಕ್ಕಳನ್ನು ಸಾಕಲು ನೌಕರಿ ಬಿಟ್ಟು, ಮತ್ತೆ ಕೆಲಸಕ್ಕೆ ಹೊರಟ ಹೆಣ್ಣುಮಗಳಿಗೆ ನಡುವಿನ ವರ್ಷಗಳೂ ಖಾಲಿ ಹೋಗಿಲ್ಲವೆಂಬ ದಾಖಲೆ. ಅದನ್ನು ತಪ್ಪಿಸಿದರೆ ಅವರು ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದನ್ನು ಇಲ್ಲಿಯೂ ನೆನಪಿಡಿ. ಒಂದು ಸಾಲು ಬರೆಯುವ ಸೋಮಾರಿತನಕ್ಕೆ ಒಳ್ಳೆಯ ಜೊತೆಗಾರರನ್ನು ಕಳೆದುಕೊಳ್ಳಬೇಡಿ.

‘ಲೈಸೆನ್ಸ್ ಫೈಲಿನಲ್ಲಿ ಹೆಸರಿದೆಯಲ್ಲ’ ಎಂದು ನೀವು ಹೇಳಬಹುದು. ಅದು ಬೇರೆ, ಇದು ಬೇರೆ. ಎಂಐಟಿ ಲೈಸೆನ್ಸ್ ಇರುವ ಕೋಡನ್ನು ತಂದು ಬಳಸಿದರೆ ಅದರ ಹಕ್ಕುಸ್ವಾಮ್ಯದ ಸಾಲನ್ನೂ ಅನುಮತಿಯ ಒಕ್ಕಣೆಯನ್ನೂ ಜೊತೆಯಲ್ಲಿ ಉಳಿಸಿಕೊಳ್ಳಲೇಬೇಕು. ಅಪಾಚೆ 2.0 ಲೈಸೆನ್ಸಿನ ಪ್ರಾಜೆಕ್ಟಿನಲ್ಲಿ ನೋಟಿಸ್ ಫೈಲು ಇದ್ದರೆ ಅದರಲ್ಲಿನ ಹೆಸರುಗಳನ್ನು ನೀವು ಹಂಚುವಾಗಲೂ ದಾಟಿಸಬೇಕು. ಅದು ಕಾನೂನಿನ ಮಾತು, ತಪ್ಪಿಸುವಂತಿಲ್ಲ. ಲಿನಕ್ಸ್ ಕರ್ನಲ್‌ನವರು 2004ರಲ್ಲಿ ತಂದ ‘ಸೈನ್ಡ್-ಆಫ್-ಬೈ’ ಸಾಲು ಕೂಡ ವಂದನೆಯ ಸಾಲಲ್ಲ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ಕೊಟ್ಟವರು ಹಾಕುವ ರುಜು ಅದು. ಇವೆರಡನ್ನೂ ತೋರಿಸಿ ‘ಹೆಸರು ಹಾಕಿದ್ದೇವೆ’ ಎಂದು ಕೈತೊಳೆದುಕೊಳ್ಳಬೇಡಿ. ನಾನು ಹೇಳುತ್ತಿರುವುದು ಕಾನೂನು ಕೇಳದಿದ್ದರೂ ನೀವಾಗಿ ಸಲ್ಲಿಸಬೇಕಾದ ಮರ್ಯಾದೆಯ ವಿಷಯ.

ಈಗ ಮೊದಲ ಕಿವಿಮಾತು. ಹೆಸರನ್ನು ಕೆಲಸ ಬಂದ ದಿನವೇ ಬರೆದುಕೊಳ್ಳಿ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರನ್ನು ಕೂರಿಸುತ್ತಾರಲ್ಲ, ಅವರು ಕವರು ಕೈಗೆ ಬಂದ ಕೂಡಲೇ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಸಂಜೆ ಬರೆದರಾಯಿತು ಅಂದುಕೊಂಡರೆ ಅರ್ಧ ಮರೆತುಹೋಗಿರುತ್ತದೆ, ಇನ್ನರ್ಧ ಅದಲುಬದಲಾಗಿರುತ್ತದೆ. ನೀವು ಮಾಡುತ್ತಿರುವುದು ಅದನ್ನೇ. ‘ದೊಡ್ಡ ರಿಲೀಸ್ ಹೊತ್ತಿಗೆ ಎಲ್ಲರದ್ದೂ ಒಟ್ಟಿಗೆ ಹಾಕೋಣ’ ಎನ್ನುತ್ತೀರಿ. ಆ ಹೊತ್ತಿಗೆ ಇಶ್ಯೂ ಪಟ್ಟಿಯಲ್ಲಿ ಯಾರು ಏನು ಹೇಳಿದ್ದರು ಎಂದು ಹುಡುಕುವ ವ್ಯವಧಾನ ಯಾರಿಗಿರುತ್ತದೆ?

ಹೀಗೆ ಕೂತು ಬರೆಯುವ ಕೆಲಸಕ್ಕೆ ‘ಆಲ್ ಕಾಂಟ್ರಿಬ್ಯೂಟರ್ಸ್’ ಎಂಬ ಬಾಟ್ ಇದೆ. ಕೆಂಟ್ ಸಿ. ಡಾಡ್ಸ್ ಎಂಬ ಅಮೆರಿಕದ ಪ್ರೋಗ್ರಾಮರ್ ಮೊದಲುಮಾಡಿದ ಪದ್ಧತಿ ಅದು. ಬಳಸುವುದು ಕಷ್ಟವಲ್ಲ. ಇಶ್ಯೂ ಅಥವಾ ಪುಲ್ ರಿಕ್ವೆಸ್ಟ್ ಕೆಳಗೆ ಬಾಟಿನ ಹೆಸರು ಕರೆದು, ಇಂಥವರನ್ನು ಇಂಥ ಕೆಲಸಕ್ಕಾಗಿ ಸೇರಿಸು ಎಂದು ಒಂದು ಸಾಲಿನ ಕಾಮೆಂಟ್ ಹಾಕಿ. ಬಾಟ್ ತಾನೇ ಒಂದು ಪುಲ್ ರಿಕ್ವೆಸ್ಟ್ ತೆರೆಯುತ್ತದೆ. ಅದರಲ್ಲಿ ಎರಡು ಬದಲಾವಣೆ ಇರುತ್ತವೆ. ಒಂದು ಜೇಸನ್ ಫೈಲಿನಲ್ಲಿ ಆ ವ್ಯಕ್ತಿಯ ಲಾಗಿನ್, ಹೆಸರು, ಚಿತ್ರದ ಕೊಂಡಿ, ಪ್ರೊಫೈಲ್ ಕೊಂಡಿ, ಮಾಡಿದ ಕೆಲಸಗಳ ಪಟ್ಟಿ ಇಷ್ಟು ಸೇರುತ್ತದೆ. ರೀಡ್‌ಮಿಯಲ್ಲಿ ಗುರುತು ಹಾಕಿದ ಎರಡು ಕಾಮೆಂಟ್ ಸಾಲುಗಳ ನಡುವೆ ಚಿತ್ರ, ಹೆಸರು, ಕೆಲಸದ ಚಿಹ್ನೆ ಇರುವ ಕೋಷ್ಟಕ ಮೂಡುತ್ತದೆ. ನೀವು ನೋಡಿ ಮರ್ಜ್ ಮಾಡಿದರೆ ಮುಗಿಯಿತು. ಆ ಎರಡು ಗುರುತುಗಳ ನಡುವೆ ಮಾತ್ರ ಕೈಯಾಡಿಸಬೇಡಿ. ನೀವು ಅಲ್ಲಿ ತಿದ್ದಿದ್ದನ್ನು ಮುಂದಿನ ಸಲ ಬಾಟ್ ಅಳಿಸಿ ತನ್ನದನ್ನೇ ಬರೆಯುತ್ತದೆ. ತಿದ್ದುವುದಿದ್ದರೆ ಜೇಸನ್ ಫೈಲಿನಲ್ಲಿ ತಿದ್ದಿ. ಬಾಟ್ ಬೇಡವೆನ್ನುವವರಿಗೆ ಅದೇ ಕೆಲಸದ ಕಮಾಂಡ್ ಕೂಡ ಇದೆ. ಅದರಲ್ಲಿ ‘ಚೆಕ್’ ಎಂದು ಕೇಳಿದರೆ, ಕೋಡು ಕೊಟ್ಟೂ ಪಟ್ಟಿಯಲ್ಲಿ ಇಲ್ಲದವರು ಯಾರೆಂದು ತೋರಿಸಿಕೊಡುತ್ತದೆ.

ಎರಡನೆಯ ಮಾತು. ಯಂತ್ರ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಗಿಟ್‌ನ ಪ್ರತಿ ಕಮಿಟ್‌ನಲ್ಲಿ ಬರೆದವರ ಹೆಸರಿಗೂ ಒಳಗೆ ಸೇರಿಸಿದವರ ಹೆಸರಿಗೂ ಬೇರೆಬೇರೆ ಜಾಗ ಇದೆ. ಯಾರೋ ಇಮೇಲ್‌ನಲ್ಲಿ ಕಳಿಸಿದ ತಿದ್ದುಪಡಿಯನ್ನು ನೀವು ಕಾಪಿ ಮಾಡಿ ಅಂಟಿಸಿ ನಿಮ್ಮ ಹೆಸರಲ್ಲಿ ಕಮಿಟ್ ಮಾಡಿದರೆ, ಆ ಎರಡೂ ಜಾಗದಲ್ಲಿ ನೀವೇ ಕೂರುತ್ತೀರಿ. ಇದು ಕಳ್ಳತನವೆಂದು ನೀವು ಎಣಿಸಿರುವುದಿಲ್ಲ, ಅವಸರ ಅಂದುಕೊಂಡಿರುತ್ತೀರಿ. ನೋಡುವವರಿಗೆ ಎರಡೂ ಒಂದೇ. ಪ್ಯಾಚ್ ಆಗಿ ಬಂದಿದ್ದರೆ ‘ಗಿಟ್ ಎಎಂ’ ಬಳಸಿ, ಬರೆದವರ ಹೆಸರು ತಾನಾಗಿ ಉಳಿಯುತ್ತದೆ. ಕೈಯಿಂದಲೇ ಸೇರಿಸಬೇಕಾದರೆ ಕಮಿಟ್ ಮಾಡುವಾಗ ‘ಆಥರ್’ ಆಯ್ಕೆಯಲ್ಲಿ ಅವರ ಹೆಸರು ಕೊಡಿ. ಇಬ್ಬರು ಕೂತು ಬರೆದಿದ್ದರೆ ಕಮಿಟ್ ಸಂದೇಶದ ಕೊನೆಗೆ ಒಂದು ಖಾಲಿ ಸಾಲು ಬಿಟ್ಟು ‘ಕೋ-ಆಥರ್ಡ್-ಬೈ’ ಎಂದು ಎರಡನೆಯವರ ಹೆಸರು, ಇಮೇಲ್ ಬರೆಯಿರಿ. ಗಿಟ್‌ಹಬ್ 2018ರಿಂದ ಈ ಸಾಲನ್ನು ಓದಿ ಇಬ್ಬರನ್ನೂ ತೋರಿಸುತ್ತದೆ. ಹತ್ತು ಕಮಿಟ್‌ಗಳನ್ನು ಒಂದಾಗಿ ಹಿಂಡಿ ಮರ್ಜ್ ಮಾಡುವಾಗ ಈ ಸಾಲುಗಳು ಸಂದೇಶದ ತುದಿಯಲ್ಲಿ ಕಾಣಿಸುತ್ತವೆ. ಸಂದೇಶ ಚೊಕ್ಕವಾಗಿರಲಿ ಎಂದು ಅವನ್ನೂ ಅಳಿಸಿಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪಟ್ಟಿ ತೆಗೆಯಲು ‘ಗಿಟ್ ಶಾರ್ಟ್‌ಲಾಗ್’ ಎಂಬ ಕಮಾಂಡ್ ನಿಮ್ಮ ಗಿಟ್‌ನಲ್ಲೇ ಇದೆ. ಆದರೆ ಅದು ತಾನಾಗಿ ಎಣಿಸುವುದು ಮುಖ್ಯ ಬರಹಗಾರರನ್ನು ಮಾತ್ರ. ಜೊತೆಗೆ ಬರೆದವರನ್ನೂ ಸೇರಿಸಬೇಕಾದರೆ ‘ಗ್ರೂಪ್’ ಆಯ್ಕೆಯಲ್ಲಿ ಕೋ-ಆಥರ್ಡ್-ಬೈ ಸಾಲನ್ನೂ ಹೇಳಬೇಕು. 2020ರಲ್ಲಿ ಬಂದ 2.29ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಇನ್ನೊಂದು ತೊಡಕು ಹೇಳಿಬಿಡುತ್ತೇನೆ. ನಿಮ್ಮ ಟರ್ಮಿನಲ್ಲಿನಲ್ಲಿ ಚೆನ್ನಾಗಿ ಓಡಿದ ಶಾರ್ಟ್‌ಲಾಗ್, ಸಿಐ ಸ್ಕ್ರಿಪ್ಟಿನಲ್ಲಿ ಖಾಲಿ ಪಟ್ಟಿ ಕೊಡಬಹುದು, ಇಲ್ಲವೇ ಸುಮ್ಮನೆ ಕಾಯುತ್ತ ನಿಲ್ಲಬಹುದು. ಟರ್ಮಿನಲ್ ಇಲ್ಲದ ಕಡೆ ಅದು ಲಾಗನ್ನು ಯಾರೋ ತನ್ನ ಕೈಗೆ ಕೊಡುತ್ತಾರೆಂದು ಕಾಯುತ್ತದೆ. ಕಮಾಂಡಿನ ಕೊನೆಗೆ ‘ಹೆಡ್’ ಎಂದು ಸೇರಿಸಿ, ಸರಿಹೋಗುತ್ತದೆ. ಗಿಟ್‌ಹಬ್‌ನ ಕಾಂಟ್ರಿಬ್ಯೂಟರ್ಸ್ ಪುಟವನ್ನೇ ನಂಬಿ ಕೂರಬೇಡಿ. ಅದು ಮುಖ್ಯ ಶಾಖೆಯ ಕಮಿಟ್‌ಗಳನ್ನಷ್ಟೇ ಎಣಿಸುತ್ತದೆ, ಅದರ ನಕ್ಷೆಯಲ್ಲಿ ಮೊದಲ 100 ಮಂದಿಯನ್ನಷ್ಟೇ ತೋರಿಸುತ್ತದೆ. ಕಮಿಟ್‌ನಲ್ಲಿರುವ ಇಮೇಲ್ ವಿಳಾಸ ಅವರ ಖಾತೆಗೆ ಸೇರಿರದಿದ್ದರೆ ಆ ಕೆಲಸ ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಮೂರನೆಯದು, ಒಬ್ಬರನ್ನು ಮೂವರಾಗಿ ಮಾಡಬೇಡಿ. ಒಬ್ಬಳೇ ಹುಡುಗಿ ಆಫೀಸಿನ ಲ್ಯಾಪ್‌ಟಾಪಿನಿಂದ ಇನಿಷಿಯಲ್ ಸಮೇತ ಪೂರ್ತಿ ಹೆಸರಲ್ಲಿ, ಮನೆಯ ಕಂಪ್ಯೂಟರಿನಿಂದ ಬರೀ ಕರೆಯುವ ಹೆಸರಲ್ಲಿ, ಹಳೆಯ ಕಾಲೇಜಿನ ಇಮೇಲಿನಿಂದ ಇನ್ನೊಂದು ಕಾಗುಣಿತದಲ್ಲಿ ಕಮಿಟ್ ಮಾಡಿರುತ್ತಾಳೆ. ಯಂತ್ರಕ್ಕೆ ಅವಳು ಮೂರು ಜನ. ಇದಕ್ಕೆ ರೆಪೊದ ಮೇಲ್ಮಟ್ಟದಲ್ಲಿ ‘ಮೇಲ್‌ಮ್ಯಾಪ್’ ಎಂಬ ಚಿಕ್ಕ ಫೈಲು ಇಡಿ. ಎಡಕ್ಕೆ ಅವಳು ಬಯಸುವ ಹೆಸರು ಮತ್ತು ಇಮೇಲ್, ಬಲಕ್ಕೆ ಹಳೆಯ ಇಮೇಲ್, ಹೀಗೆ ಸಾಲಿಗೊಂದು. ಶಾರ್ಟ್‌ಲಾಗ್ ಅದನ್ನು ಓದಿ ಮೂವರನ್ನೂ ಒಬ್ಬಳನ್ನಾಗಿ ಕೂಡಿಸುತ್ತದೆ. ಮದುವೆಯಾದ ಮೇಲೋ, ಮತ್ತಾವುದೋ ಸ್ವಂತ ಕಾರಣಕ್ಕೋ ಹೆಸರು ಬದಲಿಸಿಕೊಂಡವರಿಗೂ ಇದೇ ದಾರಿ. ಯಾಕೆ ಬದಲಿಸಿದಿರಿ ಎಂದು ಕೆದಕಬೇಡಿ. ಕೇಳಿದ ಹೆಸರನ್ನು ಬರೆಯಿರಿ. ಹಳೆಯ ಹೆಸರನ್ನು ಯಾರಿಗೂ ತೋರಿಸಬಾರದು ಎಂದು ಅವರು ಬಯಸಿದರೆ, ಹೊಸ ಹೆಸರಿನ ಜೊತೆ ಎರಡೂ ಇಮೇಲ್‌ಗಳನ್ನು ಜೋಡಿಸಿದರೆ ಸಾಕು, ಹಳೆಯ ಹೆಸರನ್ನು ಆ ಫೈಲಿನಲ್ಲಿ ಬರೆಯಬೇಕಾಗಿಲ್ಲ.

ಹೆಸರಿನ ವಿಷಯಕ್ಕೆ ಬಂದಾಗ ನಮ್ಮ ಕಡೆಯವರ ಪಾಡನ್ನೂ ಹೇಳಬೇಕು. ಪೈಥಾನ್ ಭಾಷೆಯ ಮೂಲ ಕೋಡಿನಲ್ಲಿ ನೆರವಾದವರ ಹೆಸರಿನ ಉದ್ದನೆಯ ಫೈಲೊಂದಿದೆ, ಅದು ಸುಮಾರಾಗಿ ಕೊನೆಯ ಹೆಸರಿನ ಅಕಾರಾದಿಯಲ್ಲಿದೆ. ಅವರಿಗೆ ಅದು ಸಹಜ. ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್ ಆಗಿ ಮುಂದೆಯೋ ಹಿಂದೆಯೋ ಕೂರುವ ನಮ್ಮಲ್ಲಿ ಕೊನೆಯ ಹೆಸರು ಯಾವುದು? ಯಂತ್ರ ಒಂದು ಅಕ್ಷರವನ್ನು ಹಿಡಿದು ‘ಇದೇ ಮನೆತನದ ಹೆಸರು’ ಎಂದುಕೊಳ್ಳುತ್ತದೆ. ಅದಕ್ಕೇ ಹೆಸರನ್ನು ಒಡೆಯಬೇಡಿ, ಮೊದಲ ಹೆಸರು ಕೊನೆಯ ಹೆಸರು ಎಂದು ಎರಡು ಖಾನೆ ಮಾಡಬೇಡಿ. ಒಂದೇ ಖಾನೆ ಇಟ್ಟು, ಅವರು ಬರೆದುಕೊಂಡ ಹಾಗೆಯೇ ಹಾಕಿ. ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದರೆ ಕನ್ನಡದಲ್ಲೇ ಇರಲಿ. ನಿಮ್ಮ ಸ್ಕ್ರಿಪ್ಟ್ ಫೈಲನ್ನು ಯೂಟಿಎಫ್-8 ಆಗಿ ಓದಿ ಬರೆಯುವಂತೆ ನೋಡಿಕೊಂಡರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುವುದಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕೋಡು ಬರೆಯದವರನ್ನು ಬಿಡಬೇಡಿ. ಬಗ್ ಹುಡುಕಿ ಸಾವಧಾನವಾಗಿ ವಿವರಿಸಿದವರು, ಡಾಕ್ಯುಮೆಂಟೇಶನ್ ತಿದ್ದಿದವರು, ಐಕಾನ್ ಬಿಡಿಸಿದವರು, ಹೊಸಬರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದವರು, ಕಾಲೇಜಿನಲ್ಲಿ ಕಾರ್ಯಾಗಾರ ನಡೆಸಿದವರು ಇವರೆಲ್ಲ ಗಿಟ್‌ನ ಕಣ್ಣಿಗೆ ಬೀಳದೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ ಉಳಿದುಬಿಡುತ್ತಾರೆ. ಆಲ್ ಕಾಂಟ್ರಿಬ್ಯೂಟರ್ಸ್ ಪದ್ಧತಿಯ ಹಿರಿಮೆ ಇರುವುದೇ ಇಲ್ಲಿ. ಅದರಲ್ಲಿ ಕೋಡ್, ಡಾಕ್ಯುಮೆಂಟೇಶನ್, ಅನುವಾದ, ವಿನ್ಯಾಸ, ಬಗ್ ವರದಿ, ಪರಿಶೀಲನೆ, ಆಲೋಚನೆ, ಹಣದ ನೆರವು ಹೀಗೆ ಒಂದೊಂದಕ್ಕೂ ಒಂದೊಂದು ಚಿಹ್ನೆ ಗೊತ್ತುಮಾಡಿದ್ದಾರೆ. ಆದರೆ ಬಾಟ್‌ಗೆ ಯಾರಾದರೂ ಹೇಳಬೇಕು. ಹೇಳಬೇಕಾದವರು ನೀವು. ಒಂದು ಇಶ್ಯೂ ಮುಚ್ಚುವ ಮುಂಚೆ ‘ಇದನ್ನು ತಿಳಿಸಿದ್ದು ಯಾರು, ಪರೀಕ್ಷೆ ಮಾಡಿ ನೋಡಿದ್ದು ಯಾರು?’ ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಲಿನಕ್ಸ್ ಕರ್ನಲ್‌ನವರು ಇದನ್ನು ಕಮಿಟ್ ಸಂದೇಶದಲ್ಲೇ ಬರೆಯುತ್ತಾರೆ: ವರದಿ ಮಾಡಿದವರಿಗೆ ‘ರಿಪೋರ್ಟೆಡ್-ಬೈ’, ಪರೀಕ್ಷಿಸಿದವರಿಗೆ ‘ಟೆಸ್ಟೆಡ್-ಬೈ’, ಪರಿಶೀಲಿಸಿದವರಿಗೆ ‘ರಿವ್ಯೂಡ್-ಬೈ’, ಸಲಹೆ ಕೊಟ್ಟವರಿಗೆ ‘ಸಜೆಸ್ಟೆಡ್-ಬೈ’. ಹೀಗೆ ಬರೆದಿಟ್ಟರೆ ಮುಂದೆ ಯಂತ್ರ ಅವನ್ನು ಸುಲಭವಾಗಿ ಆರಿಸಿಕೊಳ್ಳುತ್ತದೆ.

ಅನುವಾದಕರ ಮಾತು ಬೇರೆಯಾಗಿಯೇ ಹೇಳಬೇಕು, ನಮ್ಮವರು ಹೆಚ್ಚು ದುಡಿಯುವ ಜಾಗ ಅದು. ಗ್ನೋಮ್ ಡೆಸ್ಕ್‌ಟಾಪಿನ ತಂತ್ರಾಂಶಗಳನ್ನು ಅನುವಾದಿಸುವಾಗ ಫೈಲಿನಲ್ಲಿ ‘ಟ್ರಾನ್ಸ್‌ಲೇಟರ್-ಕ್ರೆಡಿಟ್ಸ್’ ಎಂಬ ಒಂದು ಸಾಲು ಬರುತ್ತದೆ. ಅದನ್ನು ಅನುವಾದ ಮಾಡುವಂತಿಲ್ಲ, ಅದರ ಜಾಗದಲ್ಲಿ ಅನುವಾದಕರು ತಮ್ಮ ಹೆಸರು ಬರೆಯಬೇಕು. ಬರೆದ ಹೆಸರು ತಂತ್ರಾಂಶದ ‘ಕುರಿತು’ ಕಿಟಕಿಯಲ್ಲಿ ಕಾಣುತ್ತದೆ. ಖಾಲಿ ಬಿಟ್ಟರೆ ಅನುವಾದಕರ ಭಾಗವೇ ಕಾಣುವುದಿಲ್ಲ. ಕೆಡಿಇಯಲ್ಲೂ ಹೆಸರಿಗೊಂದು, ಇಮೇಲಿಗೊಂದು ಇಂಥ ಸಾಲು ಇದೆ. ಕನ್ನಡದ ಅನುವಾದಕರೇ, ಸಂಕೋಚಪಟ್ಟು ಅದನ್ನು ಖಾಲಿ ಬಿಡಬೇಡಿ. ಹಾಗೆಂದು ನಿಮಗಿಂತ ಮುಂಚೆ ದುಡಿದವರ ಹೆಸರು ಅಳಿಸಿ ನಿಮ್ಮದನ್ನು ಬರೆಯಲೂ ಬೇಡಿ, ಅವರ ಕೆಳಗೆ ಸೇರಿಸಿ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಈ ಕಷ್ಟವೂ ಇಲ್ಲ. ಅದರ ಕನ್ನಡ ಸಂದೇಶಗಳ ಫೈಲು ತೆರೆದರೆ ಮೊಟ್ಟಮೊದಲಿಗೆ ಕಾಣುವುದು ಅನುವಾದಕರ ಪಟ್ಟಿ. ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಅನುವಾದ ಮಾಡಿದವರ ಬಳಕೆದಾರ ಹೆಸರುಗಳು ಅಲ್ಲಿಗೆ ತಾವಾಗಿ ಬಂದು ಸೇರುತ್ತವೆ. ಸ್ವಯಂಚಾಲಿತ ವ್ಯವಸ್ಥೆ ಹೇಗಿರಬೇಕು ಎನ್ನುವುದಕ್ಕೆ ಇದು ಒಳ್ಳೆಯ ಮಾದರಿ. ವೆಬ್ಲೇಟ್ ಬಳಸುವವರೂ ಗಮನಿಸಿ, ಅದು ಅನುವಾದಕರನ್ನೇ ಕಮಿಟ್‌ನ ಬರಹಗಾರರನ್ನಾಗಿ ಇಡುತ್ತದೆ. ನೀವು ನಡುವೆ ಬಂದು ಫೈಲನ್ನು ಡೌನ್‌ಲೋಡ್ ಮಾಡಿ, ನಿಮ್ಮ ಹೆಸರಲ್ಲಿ ಅಪ್‌ಲೋಡ್ ಮಾಡಿ ಆ ಕೊಂಡಿಯನ್ನು ಕಡಿಯಬೇಡಿ.

ಐದನೆಯದು, ಕೇಳಿ ಹಾಕಿ. ಎಲ್ಲರಿಗೂ ಹೆಸರು ಬೇಕೆಂದಿಲ್ಲ. ಕಂಪನಿಯ ನಿಯಮಕ್ಕೆ ಹೆದರುವವರು, ಹಿಂಬಾಲಿಸುವ ಕಿಡಿಗೇಡಿಗಳಿಂದ ತಪ್ಪಿಸಿಕೊಂಡವರು, ಸುಮ್ಮನೆ ಅಜ್ಞಾತವಾಗಿ ಇರಲು ಬಯಸುವವರು ಇರುತ್ತಾರೆ. ಖಾಸಗಿಯಾಗಿ ತಿಳಿಸಿದ ಬಗ್‌ಗೆ ವರದಿಗಾರರ ಹೆಸರು ಹಾಕುವ ಮುಂಚೆ ಅವರ ಒಪ್ಪಿಗೆ ಕೇಳಬೇಕೆಂದು ಕರ್ನಲ್‌ನವರ ನಿಯಮದಲ್ಲೇ ಇದೆ. ನಿಮ್ಮ ಕಾಂಟ್ರಿಬ್ಯೂಟಿಂಗ್ ಫೈಲಿನಲ್ಲಿ ಎರಡು ಸಾಲು ಬರೆದುಬಿಡಿ: ನೆರವಾದವರ ಹೆಸರನ್ನು ಈ ಪಟ್ಟಿಯಲ್ಲಿ ಸೇರಿಸುತ್ತೇವೆ, ಬೇಡವಾದರೆ ಅಥವಾ ಬೇರೆ ಹೆಸರು ಬೇಕಾದರೆ ತಿಳಿಸಿ. ತೆಗೆಯಿರಿ ಎಂದವರ ಹೆಸರನ್ನು ಮಾತಿಲ್ಲದೆ ತೆಗೆಯಿರಿ, ಮತ್ತು ಯಂತ್ರ ಮುಂದಿನ ಸಲ ಅದನ್ನು ಪುನಃ ತಂದು ಕೂರಿಸದಂತೆ ಬಿಡಬೇಕಾದವರ ಪಟ್ಟಿಯೊಂದನ್ನೂ ಇಡಿ. ಇಮೇಲ್ ವಿಳಾಸಗಳನ್ನು ಡಾಕ್ಯುಮೆಂಟೇಶನ್ ಪುಟದಲ್ಲಿ ಯಾವ ಕಾರಣಕ್ಕೂ ಪ್ರಕಟಿಸಬೇಡಿ. ಕಸದ ಮೇಲ್ ಕಳಿಸುವವರು ಅಂಥ ಪುಟಗಳನ್ನೇ ಹುಡುಕುತ್ತಿರುತ್ತಾರೆ. ಹೊಸದಾಗಿ ಬರುವ ಮಕ್ಕಳಿಗೂ ಹೇಳಿಕೊಡಿ, ಗಿಟ್‌ಹಬ್ ಕೊಡುವ ‘ನೋರಿಪ್ಲೈ’ ವಿಳಾಸದಿಂದ ಕಮಿಟ್ ಮಾಡಿದರೆ ಕೆಲಸ ಅವರ ಖಾತೆಗೇ ಸೇರುತ್ತದೆ, ಸ್ವಂತ ವಿಳಾಸ ಗುಟ್ಟಾಗಿಯೇ ಉಳಿಯುತ್ತದೆ. ಒಮ್ಮೆ ಗಿಟ್ ಇತಿಹಾಸಕ್ಕೆ ಸೇರಿದ ವಿಳಾಸವನ್ನು ಆಮೇಲೆ ಕೀಳುವುದು ಬಲು ಕಷ್ಟ.

ಆರನೆಯದು, ಡಾಕ್ಯುಮೆಂಟೇಶನ್ ಪುಟಗಳ ಕೆಳಗೆ ಹೆಸರು ತೋರಿಸುವ ವಿಚಾರ. ಡಾಕ್ಯುಸಾರಸ್‌ನಲ್ಲಿ ಪುಟವನ್ನು ಕೊನೆಗೆ ತಿದ್ದಿದವರ ಹೆಸರು ತೋರಿಸುವ ಆಯ್ಕೆ ಇದೆ. ಎಂಕೆಡಾಕ್ಸ್‌ನಲ್ಲಿ ಗಿಟ್ ಇತಿಹಾಸ ನೋಡಿ ಪುಟದ ಲೇಖಕರನ್ನು ಪಟ್ಟಿಮಾಡುವ ಪ್ಲಗಿನ್ ಇದೆ. ಹಾಕಿಕೊಳ್ಳಿ, ಒಳ್ಳೆಯದು. ಆದರೆ ಹಾಕಿದ ಮೇಲೆ ಪ್ರಕಟವಾದ ತಾಣವನ್ನು ಕಣ್ಣಾರೆ ನೋಡಿ. ಎಲ್ಲ ಪುಟದ ಕೆಳಗೂ ಒಬ್ಬರದ್ದೇ ಹೆಸರು, ಒಂದೇ ದಿನಾಂಕ ಇದ್ದರೆ ಎಡವಟ್ಟಾಗಿದೆ ಎಂದರ್ಥ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಕೋಡು ಇಳಿಸಿಕೊಳ್ಳುವ ‘ಚೆಕ್‌ಔಟ್’ ಹಂತ ತಾನಾಗಿ ತರುವುದು ಕೊನೆಯ ಒಂದೇ ಕಮಿಟ್ಟನ್ನು. ಹಿಂದಿನ ಇತಿಹಾಸ ಇಲ್ಲದ್ದರಿಂದ ಎಲ್ಲ ಪುಟವನ್ನೂ ಕೊನೆಯ ಕಮಿಟ್ ಮಾಡಿದವರೇ ಬರೆದಂತೆ ಯಂತ್ರಕ್ಕೆ ಕಾಣುತ್ತದೆ. ‘ಫೆಚ್-ಡೆಪ್ತ್’ ಅನ್ನು 0 ಎಂದು ಕೊಟ್ಟರೆ ಪೂರ್ತಿ ಇತಿಹಾಸ ಬರುತ್ತದೆ. ಇಷ್ಟು ಚಿಕ್ಕ ವಿಷಯ ನೋಡದೆ ಇನ್ನೊಬ್ಬರ ಬರಹವನ್ನು ನಿಮ್ಮ ಹೆಸರಲ್ಲಿ ತಿಂಗಳುಗಟ್ಟಲೆ ಮೆರೆಸಬೇಡಿ. ಅಲ್ಪವಿರಾಮ ತಿದ್ದಿದವರ ಹೆಸರು ಬಂದು, ಪುಟವನ್ನು ಮೊದಲಿಂದ ಬರೆದವರ ಹೆಸರು ಮರೆಯಾಗುವುದೂ ಉಂಟು. ಅಂಥ ಕಡೆ ಕೊನೆಯವರೊಬ್ಬರನ್ನೇ ತೋರಿಸುವ ಬದಲು ಎಲ್ಲ ಲೇಖಕರನ್ನೂ ತೋರಿಸಿ.

ಏಳನೆಯದು ರಿಲೀಸ್ ಟಿಪ್ಪಣಿ. ಗಿಟ್‌ಹಬ್ 2021ರಿಂದ ಟಿಪ್ಪಣಿಯನ್ನು ತಾನೇ ಬರೆದುಕೊಡುತ್ತದೆ. ಯಾವ ಪುಲ್ ರಿಕ್ವೆಸ್ಟ್ ಯಾರದ್ದು ಎಂದು ಸಾಲಾಗಿ ಹೇಳಿ, ಮೊದಲ ಬಾರಿ ಬಂದವರ ಹೆಸರನ್ನು ಬೇರೆ ತಲೆಬರಹದಲ್ಲಿ ಕೊಡುತ್ತದೆ. ಹೊಸಬರಿಗೆ ಆ ಜಾಗ ಎಷ್ಟು ಸಂತೋಷ ಕೊಡುತ್ತದೆಂದು ನೀವು ಬಲ್ಲಿರಿ, ಅದನ್ನು ಕತ್ತರಿಸಬೇಡಿ. ಜೊತೆಗೆ ಸಂರಚನೆಯ ಫೈಲಿನಲ್ಲಿ ಡಿಪೆಂಡಬಾಟ್‌ನಂಥ ಬಾಟ್‌ಗಳನ್ನು ಹೊರಗಿಡಿ. ಮನುಷ್ಯರ ಹೆಸರು ಹತ್ತು, ಬಾಟಿನ ಸಾಲು ಐವತ್ತು ಎಂದಾದರೆ ಓದುವವರಿಗೆ ಕಾಳು ಯಾವುದು ಜೊಳ್ಳು ಯಾವುದು ತಿಳಿಯುವುದಿಲ್ಲ. ರಸ್ಟ್ ಭಾಷೆಯವರು ಪ್ರತಿ ಆವೃತ್ತಿಗೂ ನೆರವಾದವರ ಹೆಸರನ್ನು ಕಮಿಟ್‌ಗಳಿಂದ ಆರಿಸಿ ತೋರಿಸಲು ಬೇರೆ ತಾಣವನ್ನೇ ಇಟ್ಟಿದ್ದಾರೆ. ನಿಮಗೆ ಅಷ್ಟು ಬೇಕಿಲ್ಲ, ಒಂದು ಪುಟ ಸಾಕು. ನಿಮ್ಮದು ಸಂಶೋಧನೆಗೆ ಬಳಕೆಯಾಗುವ ತಂತ್ರಾಂಶವಾದರೆ ‘ಸೈಟೇಶನ್’ ಫೈಲನ್ನೂ ಸೇರಿಸಿ. ಅಧ್ಯಾಪಕರ ಹೆಸರನ್ನು ಮಾತ್ರ ಬರೆದು ಕೋಡು ಬರೆದ ವಿದ್ಯಾರ್ಥಿಗಳನ್ನು ಕೈಬಿಡುವ ಚಾಳಿ ಒಳ್ಳೆಯದಲ್ಲ.

ಇನ್ನು ಎಚ್ಚರಿಕೆಯ ಮಾತು. ಹೆಸರು ಹಾಕಿ, ಅಂಕ ಹಾಕಬೇಡಿ. ಕಮಿಟ್‌ಗಳ ಸಂಖ್ಯೆಯ ಮೇಲೆ ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟರೆ ಜನ ಸಂಖ್ಯೆಯನ್ನೇ ಬೆಳೆಸುತ್ತಾರೆ. ಒಂದು ಸಾಲಿನ ತಿದ್ದುಪಡಿಗೆ ಮೂರು ದಿನ ತಲೆಕೆಡಿಸಿಕೊಂಡವರು ಕೆಳಗೆ ಹೋಗುತ್ತಾರೆ, ಖಾಲಿ ಜಾಗ ಸರಿಸಿದವರು ಮೇಲೆ ಕೂರುತ್ತಾರೆ. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಆದದ್ದು ನಿಮಗೆ ನೆನಪಿರಬೇಕು. ಟಿ-ಶರ್ಟಿನ ಆಸೆಗೆ ರೀಡ್‌ಮಿಯಲ್ಲಿ ಒಂದು ಪದ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದವೆಂದರೆ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಲೆಕ್ಕ ಎಂದು ನಡೆಸುವವರು ನಡುವಿನಲ್ಲೇ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಗಿಟ್ ಕಲಿಸುವ ಪಾಠವೊಂದನ್ನು ನೋಡಿದ ನಮ್ಮ ದೇಶದ ವಿದ್ಯಾರ್ಥಿಗಳು ಎಕ್ಸ್‌ಪ್ರೆಸ್ ಪ್ರಾಜೆಕ್ಟಿನ ರೀಡ್‌ಮಿಗೆ ತಮ್ಮ ಹೆಸರು ಸೇರಿಸಲು ಮುಗಿಬಿದ್ದು ಅಲ್ಲಿನ ಮೇಂಟೇನರ್‌ಗಳನ್ನು ಸುಸ್ತು ಮಾಡಿದರು. ಕಲಿಯುವ ಮಕ್ಕಳೇ, ಕೈ ಕೆಸರಾದರೆ ಬಾಯಿ ಮೊಸರು. ಕೆಲಸ ಮಾಡಿ, ಹೆಸರು ಹಿಂದೆ ಬರುತ್ತದೆ. ಅಭ್ಯಾಸಕ್ಕೆ ನಿಮ್ಮದೇ ಒಂದು ರೆಪೊ ಮಾಡಿಕೊಳ್ಳಿ, ದುಡಿಯುವವರ ಹೊತ್ತು ತಿನ್ನಬೇಡಿ. ಮೇಂಟೇನರ್‌ಗಳೇ, ನೀವೂ ಹೆಸರನ್ನು ಕೈಯಿಂದ ಬರೆದು ಕಳಿಸುವ ಪಟ್ಟಿ ಇಡಬೇಡಿ. ಮರ್ಜ್ ಆದ ಕೆಲಸದ ಬೆನ್ನಿಗೆ ಬಾಟ್ ಸೇರಿಸುವ ಪಟ್ಟಿಯಾದರೆ ಈ ಕಾಟ ಬಹಳಷ್ಟು ತಪ್ಪುತ್ತದೆ.

ಬರೀ ಮುಖಗಳ ಚಿತ್ರವೊಂದನ್ನು ರೀಡ್‌ಮಿಯಲ್ಲಿ ಅಂಟಿಸಿ ಮುಗಿಸಬೇಡಿ. ಅಂಥ ಚಿತ್ರವನ್ನು ಹೊರಗಿನ ಸೇವೆಗಳು ಉಚಿತವಾಗಿ ಮಾಡಿಕೊಡುತ್ತವೆ, ನೋಡಲು ಚೆನ್ನಾಗಿರುತ್ತದೆ. ಆದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಏನೂ ಇಲ್ಲ, ಹುಡುಕಿದರೆ ಹೆಸರು ಸಿಗುವುದಿಲ್ಲ, ಆ ಸೇವೆ ನಿಂತ ದಿನ ಚಿತ್ರವೂ ಇಲ್ಲ. ಹೆಸರನ್ನು ಅಕ್ಷರದಲ್ಲಿ ಬರೆಯಿರಿ, ನಿಮ್ಮ ರೆಪೊದ ಒಳಗೇ ಇಡಿ. ನಾಳೆ ಗಿಟ್‌ಹಬ್ ಬಿಟ್ಟು ಗಿಟ್‌ಲ್ಯಾಬ್‌ಗೋ ಕೋಡ್‌ಬರ್ಗ್‌ಗೋ ಹೋದರೂ ಹೆಸರುಗಳು ನಿಮ್ಮ ಜೊತೆ ಬರಬೇಕು. ಬಾಟ್ ಹಾಕಿದೆವು, ಇನ್ನು ನಿಶ್ಚಿಂತೆ ಎಂದೂ ಮಲಗಬೇಡಿ. ಅನುಮತಿಯ ಗಡುವು ಮುಗಿದೋ ಸೇವೆ ಕೆಟ್ಟೋ ಬಾಟ್ ಸದ್ದಿಲ್ಲದೆ ನಿಂತಿರುತ್ತದೆ. ರಿಲೀಸ್‌ಗೆ ಮುಂಚೆ ನೋಡಬೇಕಾದ ಪಟ್ಟಿಯಲ್ಲಿ ‘ಹೆಸರುಗಳು ಸೇರಿವೆಯೇ?’ ಎಂದು ಒಂದು ಸಾಲು ಬರೆದಿಡಿ. ಆ ಸಾಲಿಗೆ ಗುರುತು ಹಾಕುವ ಹೊಣೆಯನ್ನು ಒಬ್ಬರಿಗೆ ವಹಿಸಿ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ನಿಮ್ಮ ಪ್ರಾಜೆಕ್ಟು ಕೂಡ ಹಾಗೆ ಕೂಡಿದ್ದು. ಇವತ್ತೇ ಎಲ್ಲವನ್ನೂ ಮಾಡಿ ಎಂದು ನಾನು ಹೇಳುತ್ತಿಲ್ಲ. ಇವತ್ತು ಶಾರ್ಟ್‌ಲಾಗ್ ಓಡಿಸಿ ಪಟ್ಟಿ ನೋಡಿ, ಎರಡು ಮೂರಾಗಿ ಕಾಣುವ ಹೆಸರುಗಳಿಗೆ ಮೇಲ್‌ಮ್ಯಾಪ್ ಬರೆಯಿರಿ. ಈ ವಾರದಲ್ಲಿ ಬಾಟ್ ಜೋಡಿಸಿ. ಮುಂದಿನ ರಿಲೀಸ್‌ಗೆ ಮುಂಚೆ ಮುಚ್ಚಿಹೋದ ಇಶ್ಯೂಗಳನ್ನು ಒಮ್ಮೆ ಜಾಲಾಡಿ, ಕೋಡು ಬರೆಯದೆಯೂ ನೆರವಾದವರನ್ನು ಹುಡುಕಿ ಕರೆತನ್ನಿ. ಬಿಟ್ಟುಹೋದವರಿಗೆ ‘ತಡವಾಯಿತು, ಹೆಸರು ಸೇರಿಸಬಹುದೇ?’ ಎಂದು ಒಂದು ಸಾಲು ಬರೆದು ಕೇಳಿ. ಬರೆಯುವುದು ಯಂತ್ರದ ಕೆಲಸ, ಮರೆಯದಿರುವುದು ನಿಮ್ಮ ಕೆಲಸ. ಅಷ್ಟು ಮಾಡಿ.